ಬಲಗೈಗೆ ಬರುತ್ತಿದ್ದ ದೇವರು

ಹಟ್ಟಿಯ ಯಜಮಾನನೂ ದೇವರ ಬಾಯಿಯೂ ಆಗಿರುವ ದೊಡ್ಡಪ್ಪ ಚಿಕ್ಕತಿಮ್ಮಪ್ಪನಿಗೆ,

ಹಿರಿಯೂರಿನಿಂದ ನಿನ್ನ ತಮ್ಮ ಚಿತ್ತಯ್ಯನ ಮಗಳು ಕಾವ್ಯಶ್ರೀ ಬರೆಯುವುದು. ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ. ನಿನ್ನಂಥವರಿಗೆ ಏನೂ ಆಗುವುದಿಲ್ಲ, ಆಗುವುದೆಲ್ಲ ಪಕ್ಕದಲ್ಲಿರುವವರಿಗೆ.

ಮೊನ್ನೆ ನೀನು ಫೋನಿನಲ್ಲಿ ಹೇಳಿದ ಮಾತಿಗೆ ಇದು ಉತ್ತರ. "ಅಮಾಸೆ ಕಳೆಯೋ ತನಕ ನಿಮ್ಮಪ್ಪಂಗೆ ಮಾತ್ರೆ ಕೊಡಬ್ಯಾಡ ಕಣವ್ವ, ಅಷ್ಟು ಮಾಡು ಸಾಕು" ಎಂದೆ, ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಮಜ್ಜಿಗೆ ಕೇಳುವವನ ಹಾಗೆ. ಉತ್ತರವನ್ನು ಅಲ್ಲೇ ಕೊಡಬಹುದಿತ್ತು. ಆದರೆ ನಾನು ಆಸ್ಪತ್ರೆಯಲ್ಲಿದ್ದೆ, ಅಕ್ಕಪಕ್ಕದ ಮಂಚಗಳಲ್ಲಿ ರೋಗಿಗಳಿದ್ದರು, ನನ್ನ ಬಾಯಿಗೆ ಬಂದ ಮಾತು ಕಾಯಿಲೆಯವರು ಕೇಳುವಂಥದ್ದಾಗಿರಲಿಲ್ಲ. ಕಾಗದವಾದರೆ ಇನ್ನೊಂದು ಅನುಕೂಲವೂ ಇದೆ. ನಿನ್ನ ಕಣ್ಣು ಮಂಜು. ಬಂದ ಕಾಗದವನ್ನೆಲ್ಲ ನೀನು ಹುಣಸೆಮರದ ಕಟ್ಟೆಯ ಮೇಲೆ ಕುಳಿತು ಮಗನ ಕೈಲಿ ಓದಿಸುತ್ತೀಯ, ನಾಲ್ಕು ಜನ ಸುತ್ತ ನಿಂತಿರಬೇಕು ನಿನಗೆ. ಓದಪ್ಪ ಬೀರೇಶ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದು. ನಡುವೆ ನಿಲ್ಲಿಸಬೇಡ, ನಿಲ್ಲಿಸಿದರೆ ಸುತ್ತ ನಿಂತವರೇ ಬಿಡುವುದಿಲ್ಲ.

ದೊಡ್ಡಪ್ಪ, ದೇವರ ಮೇಲೆ ನನಗೆ ಸಿಟ್ಟಿಲ್ಲ. ಆ ದೇವರ ಹೆಸರನ್ನು ಈ ಕಾಗದದಲ್ಲಿ ಬರೆಯುವುದೂ ಇಲ್ಲ, ನಿನ್ನ ಹೆಸರಿನ ಪಕ್ಕ ಅದು ಬೇಡ. ನಾನು ಬರೆಯುತ್ತಿರುವುದು ನಮ್ಮಪ್ಪನ ಮೂರ್ಛೆರೋಗದ ವಿಷಯ. ಹೌದು, ಮೂರ್ಛೆರೋಗ. ಪಟ್ಟಣದವರು ಫಿಟ್ಸ್ ಎನ್ನುತ್ತಾರೆ. ಹಟ್ಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದಂತೆ ನೀನು ನೋಡಿಕೊಂಡ ಮಾತು ಅದು. ನಾನು ಹುಟ್ಟುವ ಮೊದಲೇ, ಅಪ್ಪ ಮೊದಲ ಸಲ ಕುರಿರೊಪ್ಪದ ಬಾಗಿಲಲ್ಲಿ ಬಿದ್ದು ಒದ್ದಾಡಿದಾಗ, "ನಮ್ಮ ಚಿತ್ತನ ಮೈಮ್ಯಾಲೆ ದೇವರು ಬಂದವ್ನೆ" ಎಂದು ಕೂಗಿದವನು ನೀನಂತೆ. ಅಂದು ನಿನಗೆ ಗೊತ್ತಿರಲಿಲ್ಲ ಎನ್ನೋಣ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮೇಲೆ ನನಗೆ ಕೋಪ ಬರುವುದಿಲ್ಲ. ಕೋಪ ಬರುವುದು ಗೊತ್ತಾದ ಮೇಲೂ ಕೈಮುಗಿದು ನಿಂತವರ ಮೇಲೆ.

ನಮ್ಮ ಮನೆಯೊಳಗೆ ಅದು ದೇವರಾಗಿರಲಿಲ್ಲ, ಕೇಳು. ಅಪ್ಪ ಒಲೆಯ ಮುಂದೆ ಕೂರುವಂತಿರಲಿಲ್ಲ. ಬಾವಿಯ ಬಳಿ ಒಬ್ಬನೇ ಹೋಗುವಂತಿರಲಿಲ್ಲ. ಕುರಿ ಹೊಡೆದುಕೊಂಡು ಹೊರಟರೆ ಹಿಂದೆ ಅವ್ವ ಇರಬೇಕು, ಇಲ್ಲವೇ ನಾನು. ಉಣ್ಣುವಾಗ ಅಪ್ಪನ ಮಾತು ನಡುವೆ ಕಡಿದುಹೋದರೆ ಅವ್ವನೂ ನಾನೂ ತಟ್ಟೆಗಳನ್ನು ಪಕ್ಕಕ್ಕೆ ಸರಿಸುತ್ತಿದ್ದೆವು, ಅವ್ವ ಕಂಬಳಿ ತಂದು ಅವನ ತಲೆಯ ಕೆಳಗೆ ತುರುಕುತ್ತಿದ್ದಳು. ಎದ್ದ ಮೇಲೆ ಅಪ್ಪ ಕಚ್ಚಿದ ನಾಲಿಗೆಯಿಂದ ರಕ್ತ ಉಗುಳುತ್ತಾ ಗೋಡೆಗೆ ಒರಗಿ ಕೂರುತ್ತಿದ್ದ. ಖಾರವನ್ನೂ ಉಪ್ಪನ್ನೂ ಬಾಯಿಗೆ ಇಡಲಾಗುತ್ತಿರಲಿಲ್ಲ, ಅವ್ವ ಸಪ್ಪೆ ಗಂಜಿ ಕಾಯಿಸುತ್ತಿದ್ದಳು. ಆಗ ನೀನು ಎಂದೂ ಬಂದವನಲ್ಲ. ನಿನ್ನ ದೇವರಿಗೆ ಗಂಜಿ ಕುಡಿಸುವ ಕೆಲಸ ನಮ್ಮದಾಗಿತ್ತು.

ನೀನು ಬರುತ್ತಿದ್ದದ್ದು ಅಮಾವಾಸ್ಯೆಗೆ. ಹಿಂದಿನ ದಿನದಿಂದಲೇ ಅಪ್ಪನಿಗೆ ಉಪವಾಸ, ರಾತ್ರಿಯಿಡೀ ಜಾಗರಣೆ. ಬೆಳಗಿನ ಜಾವದಿಂದ ಕಿವಿಯ ಪಕ್ಕದಲ್ಲೇ ಉರುಮೆ ಬಡಿಸುತ್ತಿದ್ದೆ. ಲೋಬಾನದ ಹೊಗೆ ಗುಡಿಯ ತುಂಬ. ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ, ಆ ಬಡಿತ ಕೇಳಿದರೆ ಎಂಥ ಗಟ್ಟಿ ಆಳೂ ತಲೆ ತಿರುಗಿ ಬೀಳುತ್ತಾನೆ, ಇನ್ನು ಮೂರ್ಛೆಯವನು ಬೀಳದೆ ಇರುತ್ತಾನೆಯೇ? ಪ್ರಶ್ನೆ ಕೇಳುವವರು ಸಾಲಾಗಿ ಕುಳಿತಿರುತ್ತಿದ್ದರು. ಅಪ್ಪನ ಬಲಗೈ ಮೊದಲು ಅದುರಿದರೆ ದೇವರು ಬಲ ಕೊಟ್ಟ, ಕೆಲಸ ಆಗುತ್ತದೆ. ಎಡಗೈ ಮೊದಲಾದರೆ ಎಡ, ಬಿಟ್ಟುಬಿಡಬೇಕು. ಗುಡಿಗಳಲ್ಲಿ ದೇವರ ಬಲಕ್ಕೆ ಹೂ ಬಿದ್ದರೆ ಒಳ್ಳೆಯದು ಎನ್ನುವುದಿಲ್ಲವೇ, ಆ ಲೆಕ್ಕವನ್ನೇ ನೀನು ಒಬ್ಬ ಮನುಷ್ಯನ ಮೈಗೆ ಹಚ್ಚಿದೆ. ಅವನ ಗಂಟಲಿನಿಂದ ಹೊರಟ ಗೊರಗೊರಕ್ಕೆ ನೀನು ಅರ್ಥ ಹೇಳುತ್ತಿದ್ದೆ. ಅಪ್ಪನ ಪಂಚೆ ಒದ್ದೆಯಾಗುತ್ತಿತ್ತು, ಫಿಟ್ಸ್ ಬಂದವರಿಗೆ ಹಾಗಾಗುತ್ತದೆ. ಜನರಿಗೆ ಅದು ಕಾಣಬಾರದೆಂದು ನೀನು ಒಂದು ಕೊಡ ನೀರನ್ನು ಅವನ ಮೇಲೆ ಸುರಿದು "ದೇವರಿಗೆ ಗಂಗೆ ಸ್ನಾನ" ಎನ್ನುತ್ತಿದ್ದೆ. ಜನ ಆ ನೀರನ್ನು ಬೊಗಸೆಯಲ್ಲಿ ಹಿಡಿದು ತಲೆಗೆ ಚಿಮುಕಿಸಿಕೊಳ್ಳುತ್ತಿದ್ದರು. ಥೂ! ಬರೆಯುವಾಗಲೂ ಮೈ ಉರಿಯುತ್ತದೆ.

ಅದರಲ್ಲೂ ಒಂದು ತಮಾಷೆ ನೋಡು. ನಿನ್ನ ದೇವರು ಒಂದು ದಿನವೂ ಯಾರಿಗೂ ಎಡ ಕೊಡಲಿಲ್ಲ. ಮದುವೆ ಮಾಡಲೇ? ಬಲ. ಕೋರ್ಟಿಗೆ ಹೋಗಲೇ? ಬಲ. ಈ ಜಾಗದಲ್ಲಿ ಬೋರು ಕೊರೆಸಲೇ? ಬಲ, ಬಲ, ಬಲ. ಹರಿಯಬ್ಬೆಯಿಂದ ಬಂದರು, ಧರ್ಮಪುರದಿಂದ ಬಂದರು, ಆಂಧ್ರದ ಗಡಿಯಾಚೆಯಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದವರು "ದೇವುಡು ಒಪ್ಪುಕುನ್ನಾಡು", ದೇವರು ಒಪ್ಪಿದ ಎಂದು ಹಿಗ್ಗಿ ಹಿಂದಿರುಗಿದರು. ಇಲ್ಲ ಅನ್ನದ ದೇವರು ಯಾರಿಗೆ ಬೇಡ? ಬೋರು ಕೊರೆಸಿ ಬರೀ ಧೂಳು ಕಂಡವರು ಅಳುತ್ತಾ ಬಂದರೆ "ನಿನ್ನ ಮನಸಿನಾಗೆ ಏನೋ ಕಲ್ಮಶ ಇತ್ತು" ಎಂದು ಅವರ ಮೇಲೆಯೇ ಗೂಬೆ ಕೂರಿಸಿದೆ. ಆಗ ನಾನು ಲಂಗ ತೊಟ್ಟ ಹುಡುಗಿ. ಪಾಪ, ನಮ್ಮ ದೇವರು ಎಷ್ಟು ಒಳ್ಳೆಯವನು ಎಂದುಕೊಂಡಿದ್ದೆ.

ನನ್ನ ಓದು ಮುಗಿದ ಮೇಲಿನ ಆ ಬೇಸಿಗೆಯ ಅಮಾವಾಸ್ಯೆ ನೆನಪಿದೆಯೇ? ಅಪ್ಪ ಮುಗ್ಗರಿಸಿ ಲೋಬಾನದ ಕೆಂಡದ ಮೇಲೆ ಬಿದ್ದ. ಎಡಗೈಯ ಮುಂಗೈ ಪೂರ್ತಿ ಕೆಂಡದಲ್ಲಿ ಹುದುಗಿತ್ತು. ಚರ್ಮ ಸುಡುವ ವಾಸನೆ ಹೊರಗೆ ಹೆಂಗಸರ ಸಾಲಿನಲ್ಲಿ ನಿಂತಿದ್ದ ನನ್ನವರೆಗೆ ಬಂತು. ನೀನು ಕೈ ಚಾಚಿ ಜನರನ್ನು ತಡೆದೆ: "ಯಾರೂ ಮುಟ್ಟಬ್ಯಾಡ್ರಿ, ದೇವರು ಕೆಂಡಸೇವೆ ತಗಂತಾವ್ನೆ!" ಅವ್ವ, ಅಲ್ಲಿಯವರೆಗೆ ನಿನ್ನ ಮುಂದೆ ಸೆರಗು ಸಹ ಸರಿಸದ ಮಲ್ಲಕ್ಕ, ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿ ಗಂಡನನ್ನು ರಟ್ಟೆ ಹಿಡಿದು ಎಳೆದಳು. ಎಳೆದು ನಿನ್ನ ಮುಖ ನೋಡಿ ಹೇಳಿದಳು: "ನನ್ನ ಗಂಡನ್ನ ನಂಗೆ ಕೊಡು ಭಾವ. ನಿನ್ನ ದೇವರನ್ನ ನೀನಿಟ್ಕ." ನನಗೆ ಆ ಹೊತ್ತಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಹಿರಿಯೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಇಬ್ಬರನ್ನೂ ಕರೆತಂದೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇನು ಗೊತ್ತೇ? "ಶುರುವಾಗುವಾಗ ಯಾವ ಕೈ ಮೊದಲು ನಡುಗುತ್ತದೆ?" ಅವ್ವನೂ ನಾನೂ ಒಂದೇ ಉಸಿರಿಗೆ "ಬಲಗೈ" ಎಂದೆವು. ಎಷ್ಟು ಜನ ಕೈಮುಗಿದುಕೊಂಡು ಕಾದು ನೋಡಿದ ಕೈ ಅದು, ತಪ್ಪಾಗುವ ಮಾತೇ ಇಲ್ಲ. ಹಾಗಾದರೆ ತೊಂದರೆ ಮಿದುಳಿನ ಎಡಗಡೆ ಇರಬೇಕು ಎಂದರು ಆಕೆ. ಸ್ಕ್ಯಾನ್ ಮಾಡಿದಾಗ ಅಲ್ಲೇ ಇತ್ತು, ಹಳೆಯ ಗಾಯದ ಒಂದು ಸಣ್ಣ ಕಲೆ. ಅದು ಕೆರಳಿದಾಗಲೆಲ್ಲ ಬಲಗೈಯೇ ಮೊದಲು ಅದುರುತ್ತದೆ, ಬೇರೆ ಕೈ ಅದುರಿಸಲು ಅದಕ್ಕೆ ಗೊತ್ತೇ ಇಲ್ಲ. ಒಂದು ಸೀಮೆಯ ಜನರನ್ನೆಲ್ಲ ನೀನು ಆ ಕಲೆಯ ಮುಂದೆ ಅಡ್ಡಬೀಳಿಸಿದೆ ದೊಡ್ಡಪ್ಪ. ನಿದ್ದೆ ಕೆಡಬಾರದು, ಹಸಿದಿರಬಾರದು, ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರಮ್ಮ ಹೇಳಿದಾಗ ಅವ್ವ ನನ್ನ ಮುಖ ನೋಡಿದಳು. ನಿನ್ನ ಅಮಾವಾಸ್ಯೆಯ ನೇಮವನ್ನೇ ಆಕೆ ಒಂದೊಂದಾಗಿ ಬೇಡ ಎನ್ನುತ್ತಿದ್ದರು.

ಮಾತ್ರೆ ಶುರುವಾಯಿತು, ಬೀಳುವುದು ನಿಂತಿತು. ಅವ್ವ ಮೊದಲ ಸಲ ಅಪ್ಪನನ್ನು ಒಬ್ಬನೇ ಸಂತೆಗೆ ಕಳಿಸಿ, ಅವನು ಬರುವವರೆಗೂ ಬಾಗಿಲಲ್ಲೇ ನಿಂತಿದ್ದು, ಬಂದ ಮೇಲೆ "ಬದನೇಕಾಯೆಲ್ಲ ಹುಳುಕು ತಂದೀಯ" ಎಂದು ಬೈದಳು. ಅಂಥ ಬೈಗುಳವನ್ನು ನಾನು ನಮ್ಮ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ, ಬೇರೆ ಮನೆಗಳಲ್ಲಿ ಕೇಳಿದ್ದೆ. ನನಗೆ ಅಳು ಬಂತು.

ಆದರೆ ಅಪ್ಪ ಒಳಗೊಳಗೇ ಸೊರಗಿದ್ದ. ಅದನ್ನು ಮುಚ್ಚಿಟ್ಟು ನಿನಗೆ ಬರೆಯುವುದಿಲ್ಲ. ಹಿರಿಯೂರಿನಲ್ಲಿ ಅವನನ್ನು ಯಾರು ಕೇಳುತ್ತಾರೆ? "ಏಯ್ ಮುದುಕಪ್ಪ, ದಾರಿ ಬಿಡಪ್ಪ" ಎನ್ನುವವರೇ ಎಲ್ಲ. ಒಂದು ದಿನ ಜಗಲಿಯ ಮೇಲೆ ಕುಳಿತು "ಅಲ್ಲಿ ನನ್ನ ಕಾಲು ತೊಳೆದ ನೀರು ಕುಡೀತಿದ್ರು ಕಣವ್ವ" ಎಂದ. ನಾನು ಟಿಕೆಟ್ ಯಂತ್ರ ಒರೆಸುತ್ತಾ ಕೂತೆ. ಮೂರ್ಛೆಯ ಮನುಷ್ಯನಿಗೆ ಮರ್ಯಾದೆ ಬೇಕಿದ್ದರೆ ಬಿದ್ದೇ ಬೇಕು ಎಂದು ನೀನು ಅವನಿಗೆ ಕಲಿಸಿದ್ದೆ, ಬೇರೆ ಪಾಠ ಅವನಿಗೆ ಗೊತ್ತಿರಲಿಲ್ಲ.

ಆ ಜಾಗಕ್ಕೆ ಸರಿಯಾಗಿ ನೀನು ಕೈ ಹಾಕಿದೆ. ನಾನು ಡ್ಯೂಟಿಗೆ ಹೋದ ಹೊತ್ತು, ಅವ್ವ ನಲ್ಲಿ ನೀರಿಗೆ ಹೋದ ಹೊತ್ತು ನೋಡಿ ಮನೆಗೆ ಬಂದೆ. ಹಟ್ಟಿಯವರ ಜಂಟಿ ಹೊಲವನ್ನು, ಎಲ್ಲರ ಕುರಿಯೂ ಮೇಯುವ ಆ ಬಾರೆಯನ್ನು, ಸೋಲಾರ್ ಕಂಪನಿಗೆ ಗುತ್ತಿಗೆ ಕೊಡಿಸಲು ನೀನು ಓಡಾಡುತ್ತಿರುವುದು ನಮಗೆ ಇಲ್ಲಿಗೂ ಗೊತ್ತು. ಕಂಪನಿಯ ಜೀಪು ನಿನ್ನ ಮನೆ ಮುಂದೆಯೇ ನಿಲ್ಲುತ್ತದಂತೆ. ಹಟ್ಟಿಗೆಲ್ಲ ಹಿರಿಯನಾದ ಜುಂಜಯ್ಯಜ್ಜ ಮಾತ್ರ "ದೇವರು ಬಲ ಕೊಟ್ರೆ ಹೆಬ್ಬೆಟ್ಟು ಒತ್ತುತೀನಿ, ಇಲ್ಲಾಂದ್ರೆ ಇಲ್ಲ" ಎಂದು ಪಟ್ಟು ಹಿಡಿದ, ಅಜ್ಜನ ಹಿಂದೆ ಉಳಿದವರೂ ನಿಂತರು. ಆಗ ನಿನಗೆ ತಮ್ಮನ ನೆನಪಾಯಿತು. ತಮ್ಮನದಲ್ಲ, ಅವನ ಬಲಗೈಯದು. "ನಿನ್ನೊಳಗಿನ ದೇವರನ್ನ ಮಾತ್ರೆ ಕೊಂದು ಹಾಕೈತೆ ಕಣಲೇ ಚಿತ್ತ. ಬಾ, ಹಟ್ಟಿ ನಿನ್ನ ಕಾಯ್ತಾ ಐತೆ" ಎಂದು ಅವನ ಕಿವಿ ಊದಿ ಹೋದೆ. ಇದನ್ನು ಅಪ್ಪನೇ ಆಮೇಲೆ ಹೇಳಿದ. ಅಂದಿನಿಂದ ಅವನು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಟವೆಲ್ಲಿನ ತುದಿಗೆ ಕಟ್ಟಿಕೊಳ್ಳುತ್ತಿದ್ದ.

ಹೋದ ಸೋಮವಾರ ಅಪ್ಪ ನನ್ನ ಬಸ್ಸಿಗೇ ಹತ್ತಿದ. ಜುಂಜಯ್ಯಜ್ಜನ ಮನೆಯಲ್ಲಿ ಮೊಮ್ಮಗುವಿಗೆ ಹೆಸರಿಡುತ್ತಾರೆ ಎಂದ. ನಂಬಿದೆ, ನಿನ್ನ ಕರೆಗೆ ಹೊರಟವನೆಂದು ಗೊತ್ತಾಗಲಿಲ್ಲ, ಎಷ್ಟೋ ದಿನದಿಂದ ಚೆನ್ನಾಗಿದ್ದನಲ್ಲ. ಹೆಂಗಸರ ಬಿಟ್ಟಿ ಟಿಕೆಟ್ಟಿನ ಗದ್ದಲದಲ್ಲಿ ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಹರಿಯಬ್ಬೆ ಇನ್ನೂ ಮುಂದಿತ್ತು. ಮುಂದಿನ ಸೀಟಿನ ಕಡೆಯಿಂದ ಒಂದು ಕೂಗು ಕೇಳಿತು. ಇಪ್ಪತ್ತು ಜನರ ನಡುವೆಯೂ ಆ ಕೂಗು ನನಗೆ ಗುರುತು. ನಾನು ಜನರನ್ನು ಸೀಳಿಕೊಂಡು ಹೋಗುವಷ್ಟರಲ್ಲಿ ಅಪ್ಪ ಸೀಟುಗಳ ನಡುವೆ ಬಿದ್ದಿದ್ದ. ಹುಬ್ಬಿನ ಮೇಲೆ ಕಬ್ಬಿಣ ತಾಗಿ ರಕ್ತ ಹರಿಯುತ್ತಿತ್ತು. ಡ್ರೈವರ್ ರಾಜಕುಮಾರ್ ಬಸ್ಸು ನಿಲ್ಲಿಸಿದ. ಒಬ್ಬ ಬೀಗದ ಕೈ ಗೊಂಚಲು ತಂದ, ಇನ್ನೊಬ್ಬ ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿಯಲು ಬಂದ. "ಹಿಂದಕ್ಕೆ ಸರೀರಿ ಎಲ್ಲರೂ! ಗಾಳಿ ಬಿಡ್ರಿ!" ಎಂದು ಕಿರುಚಿ ಸೀರೆಯ ಮೇಲೆ ತೊಟ್ಟಿದ್ದ ಖಾಕಿ ಅಂಗಿ ಬಿಚ್ಚಿ ಮಡಚಿ ಅವನ ತಲೆಯ ಕೆಳಗಿಟ್ಟೆ, ಕೈಕಾಲು ಒತ್ತಿ ಹಿಡಿಯಬೇಡಿ ಎಂದೆ, ಅದುರುವುದು ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿದೆ.

ಅಷ್ಟರಲ್ಲಿ ನಮ್ಮ ಹಟ್ಟಿಯ ಕಡೆಯ ಒಬ್ಬ ಅಜ್ಜಿ ಅವನ ಕಾಲ ಬಳಿ ಕುಳಿತಳು. ಸೆರಗೊಡ್ಡಿ ಕೇಳಿದಳು: "ನಮ್ಮಪ್ಪ, ನನ್ನ ಸೊಸೆಗೆ ಈ ಸಲನಾದ್ರೂ ಹೊಟ್ಟೆ ನಿಲ್ತದಾ?" ರಕ್ತ, ನೊರೆ, ಒದ್ದೆಯಾದ ಪಂಚೆ, ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. "ಬಲಗೈಗೇ ಬಂದ, ನಾನೇ ನೋಡಿದೆ" ಎಂದು ಸಂತೋಷದಿಂದ ಅತ್ತಳು. ಆ ಅಜ್ಜಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳ ಕಣ್ಣನ್ನು ಹಾಗೆ ಮಾಡಿದವನು ನೀನು. ಆ ಸೊಸೆಗೆ ಏನಾದರೂ ಆದರೆ ಅವಳ ಮನಸ್ಸಿನ ಕಲ್ಮಶದ ಕಥೆಯನ್ನೂ ನೀನೇ ಹೇಳುತ್ತೀಯ.

ರಾಜಕುಮಾರ್ ಬಸ್ಸನ್ನೇ ತಿರುಗಿಸಿ ಆಸ್ಪತ್ರೆಗೆ ತಂದ. ಒಬ್ಬ ಪ್ರಯಾಣಿಕನೂ ಗೊಣಗಲಿಲ್ಲ. ಹುಬ್ಬಿಗೆ ಹೊಲಿಗೆ ಹಾಕಿದರು. ಮಾತ್ರೆ ಹೀಗೆ ಏಕಾಏಕಿ ಬಿಟ್ಟರೆ ಒಂದರ ಹಿಂದೆ ಒಂದು ಬಂದು ಜೀವವೇ ಹೋಗುತ್ತದೆ ಎಂದು ಡಾಕ್ಟರು ಗದರಿದರು. ಸಂಜೆ ಅಪ್ಪನಿಗೆ ಪೂರ್ತಿ ಎಚ್ಚರವಾಗಿ, ಅವ್ವ ಸಪ್ಪೆ ಗಂಜಿ ಕುಡಿಸುತ್ತಿದ್ದಾಗ ನಿನ್ನ ಫೋನು ಬಂತು. ಸುದ್ದಿ ಕೇಳಿ ನಿನಗೆ ಗಾಬರಿಯಾಗಿರಬೇಕು, ಅಪ್ಪನೂ ಅಣ್ಣನ ದನಿ ಕೇಳಲಿ ಎಂದು ನಾನೇ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟೆ.

ನೀನು ಬದುಕಿದ್ದಾನಾ ಎಂದು ಕೇಳಲಿಲ್ಲ. ಪೆಟ್ಟಾಯಿತೇ ಎಂದು ಕೇಳಲಿಲ್ಲ. "ಯಾವ ಕೈ ಮೊದಲು ಅದುರಿತು?" ಎಂದು ಕೇಳಿದೆ.

ಉತ್ತರಕ್ಕೂ ಕಾಯದೆ ಮುಂದುವರಿಸಿದೆ: ಅಮಾವಾಸ್ಯೆಯವರೆಗೆ ಮಾತ್ರೆ ಕೊಡಬೇಡ ಎಂದು. ಅಲ್ಲಿಗೆ ನಿನ್ನ ಬಣ್ಣ ಪೂರ್ತಿ ಬಯಲಾಯಿತು ದೊಡ್ಡಪ್ಪ. ದೇವರೇ ಬರುವುದಾದರೆ ಒಂದು ಗುಳಿಗೆ ಅವನನ್ನು ತಡೆಯುತ್ತದೆಯೇ? ನಿನಗೆ ಗೊತ್ತು, ಇದು ರೋಗ. ನಿನಗೆ ಗೊತ್ತು, ಮಾತ್ರೆ ಬಿಟ್ಟರೆ ಅವನು ಬೀಳುತ್ತಾನೆ. ನಿನಗೆ ಗೊತ್ತು, ಬಿದ್ದರೆ ಬಲಗೈಯೇ ಮೊದಲು. ಆ ಲೆಕ್ಕದ ಮೇಲೆಯೇ ನೀನು ಕಂಪನಿಗೆ ಮಾತು ಕೊಟ್ಟು ಕೂತಿದ್ದೀಯ. ಕೇಳಿಸಿತೇ ಜುಂಜಯ್ಯಜ್ಜ, ಕಟ್ಟೆಯ ಹತ್ತಿರ ನೀನೂ ಇದ್ದರೆ? ನಿನ್ನ ಹೆಬ್ಬೆಟ್ಟಿಗಾಗಿ ನಮ್ಮಪ್ಪ ಸಾಯಬೇಕಿತ್ತು.

ಕುರಿಗಳ್ಳನನ್ನು ಹಟ್ಟಿಯಲ್ಲಿ ಮರಕ್ಕೆ ಕಟ್ಟುತ್ತಾರೆ. ತಮ್ಮನ ರೋಗವನ್ನು ಮೇಯಿಸಿಕೊಂಡು ಬಂದವನಿಗೆ ಮಾತ್ರ ಪೇಟ ಸುತ್ತಿ ಕಟ್ಟೆಯ ಮೇಲೆ ಕೂರಿಸಿದ್ದಾರೆ. ನಿನಗೆ ಹೆದರುವ ವಯಸ್ಸು ನನಗೆ ದಾಟಿತು. ನಿನ್ನನ್ನು ಕಂಡರೆ ಈಗ ಅಸಹ್ಯ, ಅಷ್ಟೇ. ಚೆಕಿಂಗಿನವರನ್ನು ಕಂಡ ಕೂಡಲೇ ಸೀಟಿನಲ್ಲಿ ಕಣ್ಣು ಮುಚ್ಚಿ ನಿದ್ದೆ ನಟಿಸುವ ಟಿಕೆಟ್ ಇಲ್ಲದ ಗಿರಾಕಿಗಳನ್ನು ದಿನಾ ನೋಡುತ್ತೇನೆ. ಅವರ ಮೇಲೆ ನನಗೆ ನಿನ್ನ ಮೇಲಿರುವುದಕ್ಕಿಂತ ಗೌರವ ಹೆಚ್ಚು. ಅವರು ಬರೀ ತಮ್ಮ ನಿದ್ದೆಯನ್ನು ನಟಿಸುತ್ತಾರೆ, ಇನ್ನೊಬ್ಬರ ಮೈಯನ್ನು ಬೀಳಿಸುವುದಿಲ್ಲ.

ಈಗ ನಿನಗೆ ಬೇಕಾದ ಸುದ್ದಿ. ಫೋನು ಇಟ್ಟ ಮೇಲೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಮನೆಗೆ ಬಂದ ಮೇಲೆ ತಾನೇ ಟವೆಲ್ಲಿನ ಗಂಟು ಬಿಚ್ಚಿ ಮಾತ್ರೆಗಳನ್ನೆಲ್ಲ ಅವ್ವನ ಕೈಗೆ ಸುರಿದ. ಅವ್ವ ಅವನ್ನು ಒಲೆಗೆ ಹಾಕಿ, ಹೊಸ ಚೀಟಿಯದನ್ನು ತಂದು ಕೊಟ್ಟಳು. ನುಂಗಿದ. ನಿನ್ನೆ ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಜಗಲಿಯ ಮೇಲೆ ಕಾಯುತ್ತಿದ್ದವನು ಪಕ್ಕದಲ್ಲಿ ಕೂರಿಸಿಕೊಂಡ.

"ಅಮಾಸೆಗೆ ಹಟ್ಟಿಗೆ ಹೋಗಾಣ ಕಣವ್ವ" ಎಂದ.

ನಾನು ಎದ್ದು ನಿಂತೆ. ಬೈಯಲು ಬಾಯಿ ತೆರೆದಿದ್ದೆ. ಅವನು ನನ್ನ ಮಣಿಕಟ್ಟು ಹಿಡಿದ, ಹಿಡಿದದ್ದು ಸುಟ್ಟ ಗಾಯದ ಎಡಗೈಯಿಂದ.

"ಇಷ್ಟು ವರ್ಷ ಜನ ನನ್ನ ಮುಂದೆ ಕುಂತ್ಕಂಡು ಕೇಳಿದ್ರು. ನಾನು ಒಂದಕ್ಕೂ ಉತ್ರ ಹೇಳಲಿಲ್ಲ. ಬಿದ್ದೋನು ಏನು ಹೇಳ್ಯಾನು? ನಂಗೆ ಯಾವ ದೇವರೂ ಕಾಣ್ತಿರಲಿಲ್ಲವ್ವ, ಕತ್ತಲೆ ಕಾಣ್ತಿತ್ತು. ಅದನ್ನೂ ಹೇಳ್ತೀನಿ. ಬಾರೆ ಕೊಡಬ್ಯಾಡ್ರಿ ಅಂತಾನೂ ಹೇಳ್ತೀನಿ. ಕುರಿ ಎಲ್ಲಿ ಮೇಯ್ತವೆ, ಆ ಕಂಪನಿಯೋರ ಗಾಜಿನ ಮ್ಯಾಲಾ?"

ಇದು ಅವನ ಮಾತು, ನಾನು ಒಂದಕ್ಷರ ಸೇರಿಸಿಲ್ಲ. ಜನ ಕೇಳುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ಬಿದ್ದ ಚಿತ್ತಯ್ಯನನ್ನು ನಂಬಿದವರು ಕೂತ ಚಿತ್ತಯ್ಯನನ್ನು ನಂಬದೆ ಹೋಗಬಹುದು. ಕಲ್ಲನ್ನೂ ಎಸೆಯಬಹುದು. ಅವನಿಗೆ ಅದೂ ಗೊತ್ತಿದೆ, ಆದರೂ ಬರುತ್ತಾನೆ. ನಾನು ರಜೆ ಬರೆದಿದ್ದೇನೆ. ಹಿಂದಿನ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡುತ್ತಾನೆ, ಬೆಳಿಗ್ಗೆ ಅವ್ವ ಮಾಡಿದ ರೊಟ್ಟಿಯನ್ನು ಹೊಟ್ಟೆ ತುಂಬ ತಿಂದು, ಮಾತ್ರೆ ನುಂಗಿ, ಹಗಲಿನ ಬಸ್ಸಿಗೆ ಬರುತ್ತಾನೆ. ಉರುಮೆಯವರಿಗೆ ಬರಬೇಡಿ ಎಂದು ಹೇಳಿಬಿಡು. ಕೊಡದ ನೀರೂ ಬೇಡ. ಅವನ ಎಡಕ್ಕೆ ಅವ್ವ ಕೂರುತ್ತಾಳೆ, ಬಲಕ್ಕೆ ನಾನು. ಎಚ್ಚರವಿರುವ ನಿನ್ನ ತಮ್ಮ ಮಾತಾಡುವುದನ್ನು ಹಟ್ಟಿ ಮೊದಲ ಸಲ ಕೇಳಲಿದೆ. ನೀನೂ ಕೇಳು, ಅರ್ಥ ಹೇಳುವ ಕಷ್ಟ ನಿನಗೆ ಇರುವುದಿಲ್ಲ.

ಚಿಕ್ಕವರು ದೊಡ್ಡವರನ್ನು ಹರಸಬಾರದು ಎನ್ನುತ್ತಾರೆ. ನೀನು ದೊಡ್ಡವನಾಗಿದ್ದರೆ ನಾನೂ ಹರಸುತ್ತಿರಲಿಲ್ಲ. ಆ ದಿನ ನಮ್ಮಪ್ಪ ಬಾಯಿ ತೆರೆದಾಗ ನಿನ್ನ ಎರಡು ಕೈಗಳಲ್ಲಿ ಒಂದೂ ನಡುಗದಿರಲಿ.

ಚಿತ್ತಯ್ಯ ಮಲ್ಲಕ್ಕನವರ ಮಗಳು,
ಕಾವ್ಯಶ್ರೀ